ಸ್ಲೈಡಿನ ಮೇಲೆ ಬಿದ್ದ ಮುಷ್ಟಿಯ ನೆರಳು

"ಬೆಂಕಿ! ಬೆಂಕಿ!" ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಮಕ್ಕಳು ತಲೆ ಬಗ್ಗಿಸಿ ಸ್ಲೈಡ್ ನಕಲು ಮಾಡುತ್ತಿದ್ದರು. ಮಾಸ್ತರು ಸ್ಕ್ರೀನಿನತ್ತ ಮುಖ ಮಾಡಿ ಹೃದಯದ ನಾಲ್ಕು ಕೋಣೆಗಳ ಬಗ್ಗೆ ಓದುತ್ತಿದ್ದರು.

ಇದು ನಡೆದು ಒಂದು ವಾರ ಕಳೆದಿದೆ. ಈಗಲೂ ಅಡುಗೆಮನೆಯಲ್ಲಿ ಮಿಕ್ಸರ್ ಪ್ಲಗ್ ಹಾಕುವಾಗ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಹೇಳಿಕೊಂಡರೆ ಹಗುರಾದೀತೇನೋ, ಕೇಳಿ.

ಇಚಲಕರಂಜಿಗೆ ಅಂಟಿಕೊಂಡ ಕಬನೂರಿನ ಒಂದು ಕನ್ನಡ ಶಾಲೆಯಲ್ಲಿ ನನ್ನ ಸೋದರಮಾವನ ಮಗ ಶಿವಾನಂದ ವಿಜ್ಞಾನ ಕಲಿಸುತ್ತಾನೆ. ಶಾಲೆಯ ಮೂರು ಕಡೆ ಪಾವರ್‌ಲೂಮ್ ಶೆಡ್ಡುಗಳು. ದಿನವಿಡೀ ಖಟಾಖಟ್, ಖಟಾಖಟ್. ಆ ಸದ್ದಿನ ಮೇಲೆ ಪಾಠ ಹೇಳಿ ಹೇಳಿ ಅವನ ಗಂಟಲು ಹರಿದುಹೋಗಿತ್ತು. ಶಾಲೆಗೆ ಪ್ರೊಜೆಕ್ಟರ್ ಬಂದದ್ದೇ ತಡ, ಫೋನ್ ಬಂತು.

"ಅಕ್ಕಾ, ಇನ್ನ ಒದರೂದು ಬಂದ್! ಎಲ್ಲಾ ಸ್ಲೈಡಿನ್ಯಾಗ ಹಾಕೇನಿ. ಗಡಹಿಂಗ್ಲಜದಾಗ ಕುಂತ ಏನ್ ಮಾಡ್ತಿ? ಬಂದ ನೋಡು, ನಿನ್ನ ಅಂಕಣದಾಗ ಎರಡ ಮಾತ ಬರಿ."

ನಾನೂ ಕಾಲೇಜಿನಲ್ಲಿ ಪಾಠ ಮಾಡುವವಳು. ತಮ್ಮನ ಉತ್ಸಾಹ ಕಂಡು ಖುಷಿಯಾಯಿತು. ಎಸ್‌ಟಿ ಬಸ್ ಹತ್ತಿ ಹೊರಟೆ.

ಕ್ಲಾಸ್‌ರೂಮನ್ನು ಅವನು ಸಿನಿಮಾ ಟಾಕೀಸ್ ಮಾಡಿಟ್ಟಿದ್ದ. ಎಲ್ಲ ಕಿಟಕಿಗೂ ದಪ್ಪ ಕಪ್ಪು ಬಟ್ಟೆ. ಹಿಂದಿನ ಗೋಡೆಯಲ್ಲಿದ್ದ ಒಂದೇ ಬಾಗಿಲಿಗೂ ಕಪ್ಪು ಬಟ್ಟೆ. (ಕಬನೂರಿನಲ್ಲಿ ಬಟ್ಟೆಗೇನು ಬರ?) ಬಾಗಿಲ ಪಕ್ಕದಲ್ಲೇ ನೆಲದ ಮೇಲೊಂದು ಎಕ್ಸ್‌ಟೆನ್ಷನ್ ಬೋರ್ಡು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್, ಟೇಬಲ್ ಫ್ಯಾನ್, ಎಲ್ಲಕ್ಕೂ ಅದೇ ಆಧಾರ. ಒಂದು ಪಿನ್ ಸಡಿಲವಾಗಿತ್ತೆಂದು ಬೆಂಕಿಕಡ್ಡಿ ಸಿಕ್ಕಿಸಿದ್ದ. (ನೀವೂ ಸಿಕ್ಕಿಸಿದ್ದೀರಿ. ಮುಖ ತಿರುಗಿಸಬೇಡಿ.)

ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತೆ. ಪಾಠ ಶುರುವಾಯಿತು. ಪಾಠ ಅಂದರೆ ಏನು? ಸ್ಲೈಡಿನಲ್ಲಿ ಒಂದು ಪುಟದಷ್ಟು ಅಕ್ಷರ. ಒಂದೊಂದು ಸಾಲೂ ತಿರುಗುತ್ತಾ, ಕುಣಿಯುತ್ತಾ, 'ಢಣ್' ಎಂದು ಸದ್ದು ಮಾಡುತ್ತಾ ಬಂದು ಕೂರುತ್ತಿತ್ತು. ಶಿವಾನಂದ ನಮಗೆ ಬೆನ್ನು ತೋರಿಸಿ ಅದನ್ನೇ ಓದುತ್ತಿದ್ದ. ನಡುನಡುವೆ ಒಂದು ದನಿ ಏಳುತ್ತಿತ್ತು.

"ಸರ್, ಮುಂದ ಹೋಗಬ್ಯಾಡ್ರಿ, ಇನ್ನೂ ಬರೆಯೂದೈತ್ರಿ!"

ಸುಟ್ಟ ವಾಸನೆ ಬಂದಾಗ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲೇ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಕಾರ್ಖಾನೆ ಇದೆ. ಅದರ ಬಾಯ್ಲರ್ ಹೊಗೆ ಆ ಓಣಿಗೆ ಹೊಸದಲ್ಲ. ಕಣ್ಣು ಉರಿಯತೊಡಗಿದಾಗ ತಿರುಗಿ ನೋಡಿದೆ. ಬೋರ್ಡಿನಿಂದ ಎದ್ದ ಜ್ವಾಲೆ ಬಾಗಿಲ ಬಟ್ಟೆಯನ್ನು ಹಿಡಿದು ಮೇಲೇರುತ್ತಿತ್ತು.

ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು.

ಕೂಗಿದೆ. ಮಗ್ಗಗಳ ಸದ್ದು, ಸ್ಪೀಕರಿನ 'ಢಣ್' ಸೇರಿ ನನ್ನ ಕೂಗನ್ನು ನುಂಗಿಹಾಕಿದವು. ಮುಂದಿನ ಬೆಂಚಿನ ಹುಡುಗಿಯ ಭುಜ ಹಿಡಿದು ಅಲುಗಾಡಿಸಿದೆ. ರೇಣುಕಾ ಅಂತ ಅವಳ ಹೆಸರು, ಆಮೇಲೆ ತಿಳಿಯಿತು. ತಿರುಗಿದಳು, ನೋಡಿದಳು. ಚೀರಲಿಲ್ಲ. ಸರಸರ ನಡೆದು ರೂಮಿನ ನಡುವಿದ್ದ ಪ್ರೊಜೆಕ್ಟರಿನ ಎದುರು ಕೈ ಚಾಚಿದಳು.

ಸ್ಕ್ರೀನಿನ ಮೇಲಿನ ಕೆಂಪು ಹೃದಯದ ನಟ್ಟನಡುವೆ ಒಂದು ಕಪ್ಪು ಮುಷ್ಟಿ ಮೂಡಿತು. ಬಿಗಿಯಾಗಿ ಮೇಲೆದ್ದು ಸರ್ರನೆ ಕೆಳಗಿಳಿಯಿತು. ಮತ್ತೆ ಎದ್ದಿತು, ಮತ್ತೆ ಇಳಿಯಿತು.

ಮಗ್ಗದ ಶೆಡ್ಡಿನಲ್ಲಿ ಬಾಯಿಮಾತು ಕೇಳಿಸುವುದಿಲ್ಲ. ಅಲ್ಲಿ ಕೈಯೇ ಮಾತು. ಮುಷ್ಟಿ ಕೆಳಗೆ ಎಳೆದರೆ 'ಮೇನ್ ಬಂದ್ ಮಾಡು' ಎಂದರ್ಥ. ಶಿವಾನಂದನೂ ನೇಕಾರರ ಮನೆಯವನೇ. 'ಯಾಕೆ' ಎಂದು ಕೂಡ ತಿರುಗಿ ನೋಡದೆ ಹಲಗೆಯ ಪಕ್ಕದ ಮೇನ್ ಸ್ವಿಚ್ಚಿಗೆ ಹಾರಿದ.

ಕಗ್ಗತ್ತಲು. ಹಿಂದೆ ಬೆಂಕಿಯೊಂದೇ ಬೆಳಕು. ಆಗ ಎದ್ದಿತು ನೋಡಿ ಮಕ್ಕಳ ಚೀರಾಟ! ಯಾರೋ ಕಿಟಕಿಯ ಬಟ್ಟೆ ಕಿತ್ತರು, ಬೆಳಕು ಬಂತು. ಶಿವಾನಂದ ಓಡಿಬಂದು ಕಸಬರಿಗೆಯ ಹಿಡಿಕೆಯಿಂದ ಉರಿಯುವ ಬಟ್ಟೆಯನ್ನು ನೆಲಕ್ಕೆ ಕೆಡವಿದ. ಹುಡುಗರು ಬಾಟಲಿ ನೀರು ಸುರಿದರು. ಶಿವಾನಂದನ ಅಂಗೈಯಲ್ಲಿ ಒಂದು ಬೊಬ್ಬೆ ಎದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಹೊಗೆ ಕಂಡು ಪಕ್ಕದ ಶೆಡ್ಡಿನ ಮಾಲಕರು ಓಡಿಬಂದರು. "ಕಾಯ್ ಝಾಲಂ ಓ ಗುರುಜಿ?" ಎಂದರು. ಏನಾಯಿತೆಂದು ಕೇಳಿದವರಿಗೆ ಗುರುಜಿ ಸುಟ್ಟ ಬೋರ್ಡಿನತ್ತ ಕೈ ತೋರಿಸಿದ.

ಅಂಗಳದಲ್ಲಿ ಎಲ್ಲರನ್ನೂ ಎಣಿಸಿಕೊಂಡ ಮೇಲೆ ಹೆಡ್‌ಮಾಸ್ತರರು ತೀರ್ಪು ಕೊಟ್ಟರು. "ಇದರ ಉಸಾಬರಿನ ಬ್ಯಾಡ. ಪ್ರೊಜೆಕ್ಟರ್ ಕಪಾಟಿನ್ಯಾಗ ಇಟ್ಟ ಕೀಲಿ ಹಾಕ್ರಿ."

ಶಿವಾನಂದನ ಮುಖ ಬಾಡಿತು. ನಾನು ರೇಣುಕಾಳನ್ನು ಕೇಳಿದೆ, "ನಿನಗ ಏನ ಅನಸ್ತದವ್ವಾ? ಪಾಠ ತಿಳೀತಿತ್ತಿಲ್ಲೋ?"

ಅವಳು ಶಿವಾನಂದನ ಮುಖ ನೋಡಿದಳು. ಅವನು "ಹೇಳವಾ" ಎಂದ.

"ಇಲ್ರಿ. ಕತ್ತಲ್ಯಾಗ ಸರ್ ಬಾಯಿ ಕಾಣವಲ್ದರಿ. ಬಾಯಿ ಕಾಣಲಿಲ್ಲಂದ್ರ ನಮಗ ಕೇಳ್ಸೂದಿಲ್ರಿ."

ಪಕ್ಕದವನು ಸೇರಿಸಿದ. "ಬರಿಯೂದ ಆಗಿತ್ರಿ, ತಿಳಿಯೂದ ಉಳದಿತ್ರಿ."

"ಹಂಗಾರ ಕೀಲಿ ಹಾಕೂನಲಾ?" ಎಂದರು ಹೆಡ್‌ಮಾಸ್ತರರು.

"ಬ್ಯಾಡ್ರಿ!" ಎಲ್ಲರೂ ಒಟ್ಟಿಗೆ. "ಪಿಕ್ಚರ್ ಬೇಕ್ರಿ, ಕತ್ತಲಿ ಬ್ಯಾಡ್ರಿ!"

ನೋಡಿ, ಎಷ್ಟು ಸರಳ. ಸದ್ದಿನಲ್ಲಿ ಬೆಳೆದ ಮಕ್ಕಳು ಇಷ್ಟು ದಿನ ಮಾಸ್ತರರ ಮುಖವನ್ನು ಓದಿ ಪಾಠ ಕೇಳುತ್ತಿದ್ದರು. ಆ ಮುಖವನ್ನೇ ಕತ್ತಲಿಗೆ ತಳ್ಳಿ, ಅದರ ಜಾಗದಲ್ಲಿ ಅಕ್ಷರದ ರಾಶಿ ಸುರಿದರೆ?

ಕಬನೂರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಕೊಲ್ಹಾಪುರದ ಸೆಮಿನಾರುಗಳಲ್ಲಿ ಮಗ್ಗದ ಸದ್ದೂ ಇಲ್ಲ, ಆದರೂ ದೊಡ್ಡ ದೊಡ್ಡ ಪ್ರಾಧ್ಯಾಪಕರು ಬೆನ್ನು ತೋರಿಸಿ ಓದುತ್ತಾರೆ. ನಮಗೂ ಓದಲು ಬರುತ್ತದೆ, ಸ್ವಾಮಿ! ಕೊನೆಯಲ್ಲಿ ಗುಲಾಬಿ ಹೂವಿನ ಮೇಲೆ 'ಥ್ಯಾಂಕ್ ಯೂ'. ಆಗ ಮಾತ್ರ ನಿಜವಾದ ಚಪ್ಪಾಳೆ. ಸ್ಲೈಡ್ ಇರುವುದು ಬಾಯಿಂದ ಹೇಳಲಾಗದ್ದನ್ನು ತೋರಿಸುವುದಕ್ಕೆ. ಹೃದಯದ ಚಿತ್ರ ತೋರಿಸಿ, ಬೆರಳಿಟ್ಟು ರಕ್ತದ ದಾರಿ ಗುರುತಿಸಿ, ಆಮೇಲೆ ಸ್ಕ್ರೀನ್ ಖಾಲಿ ಮಾಡಿ ಮಾತಾಡಿ. ಇಷ್ಟು ಸಾಕಲ್ಲವೇ?

ನಿನ್ನೆ ಶಿವಾನಂದ ಫೋನ್ ಮಾಡಿದ್ದ. "ಅಕ್ಕಾ, ಹೊಸಾ ವೈರಿಂಗ್ ಆತು. ಕಿಟಕಿ ತೆರದಽ ಪಾಠ ಮಾಡಾಕತ್ತೇನಿ. ಅಷ್ಟೂ ಸ್ಲೈಡ್ ಕಿತ್ತ ಒಗದ ನಾಕೈದ ಚಿತ್ರ ಇಟಗೊಂಡೇನಿ. ಬಿಸಲಿಗೆ ಸ್ವಲ್ಪ ಮಂಕ ಕಾಣ್ತಾವ."

"ಮಕ್ಕಳು?"

"ಅವರು ಚೊಲೋ ಕಾಣ್ತಾರ."

ಪಾಠ ಮಾಡುವ ಗೆಳೆಯರೇ, ಮುಂದಿನ ಸ್ಲೈಡಿಗೆ ಬಟನ್ ಒತ್ತುವ ಮೊದಲು ನಿಮ್ಮ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಒಮ್ಮೆಯಾದರೂ ತಿರುಗಿ ನೋಡುತ್ತೀರಾ?