ಸ್ಕ್ರೂಡ್ರೈವರಿನ ಆ ತುದಿ

ಒಂದು ಫೋಟೊ ತೆರೆಯಲು ನನ್ನ ಹಳೆಯ ಕಂಪ್ಯೂಟರು ಹತ್ತು ನಿಮಿಷ ತೆಗೆದುಕೊಳ್ಳತೊಡಗಿದಾಗ ನಾನು ಬೈದದ್ದು ಧೂಳನ್ನು. ಸಂಡೂರಿನಲ್ಲಿ ಏನು ಕೆಟ್ಟರೂ ನಾವು ಮೊದಲು ಬೈಯುವುದು ಅದಿರಿನ ಕೆಂಪು ಧೂಳನ್ನೇ. ಪೆಟ್ಟಿಗೆ ಬಿಚ್ಚಿ, ಹಳೇ ಬ್ರಷ್ಷಿನಿಂದ ಉಜ್ಜಿ ಒರೆಸಿದೆ. ಫ್ಯಾನು ಫಳಫಳ ಹೊಳೆಯಿತು, ಕಂಪ್ಯೂಟರು ಮಾತ್ರ ಹಾಗೇ ತಿಣುಕುತ್ತಿತ್ತು.

ನೋಡುತ್ತ ಕುಳಿತಿದ್ದ ಅಪ್ಪ ಎದ್ದು ಉದ್ದನೆಯ ಸ್ಕ್ರೂಡ್ರೈವರ್ ತಂದರು. ಅವರು ಗಣಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಕ್ರಷರ್ ಸದ್ದಿಗೆ ಕಿವಿ ಹೋಗಿತ್ತು. ನಾವು ಕೂಗಿದರೂ ಕೇಳುತ್ತಿರಲಿಲ್ಲ; ಎಲುಬಿಗೆ ತಾಗಿ ಬರುವ ಸದ್ದು ಮಾತ್ರ ತಿಳಿಯುತ್ತಿತ್ತು. ಗಣಿಯ ಯಂತ್ರಗಳ ಬೇರಿಂಗ್ ಪರೀಕ್ಷಿಸುವಾಗ ಮಾಡುತ್ತಿದ್ದಂತೆಯೇ ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಧೂಳಲ್ಲಲೇ ಇದು. ಒಳಗ ಟಕ್ ಟಕ್ ಅಂತ ಬಡಿಯಾಕತ್ತೈತಿ. ಭಾಳ ದಿನ ಬಾಳಂಗಿಲ್ಲ. ಬೇಕಾದ್ದು ಜಲ್ದಿ ತಕ್ಕೋ."

ಫೋಟೊ, ವಿಡಿಯೊ ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿದೆ. ಸರಿಯಾಗಿ ಬಂದಿವೆಯೇ ಎಂದು ಒಂದೊಂದನ್ನೇ ತೆರೆದು ನೋಡುತ್ತಿದ್ದಾಗ, ತೀರಿಹೋದ ಅವ್ವನ ಧ್ವನಿ ಸ್ಪೀಕರಿನಿಂದ ಬಂತು. ಎಂದೋ ಮೊಬೈಲಿನಲ್ಲಿ ತೆಗೆದ ವಿಡಿಯೊ. ಒಲೆಯ ಮುಂದೆ ಕುಳಿತು ಅಪ್ಪನನ್ನು ಕರೆಯುತ್ತಿದ್ದಳು. ಅಪ್ಪನಿಗೆ ಅವಳ ತುಟಿ ಆಡುವುದಷ್ಟೇ ಕಾಣುತ್ತಿತ್ತು. ನಾನು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಚ್ಚಿ, ಸ್ಕ್ರೂಡ್ರೈವರಿನ ತುದಿಯನ್ನು ಸ್ಪೀಕರಿಗೆ ತಾಗಿಸಿ, ಹಿಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಕಿವಿಯ ಹಿಂದೆ ಒತ್ತಿಕೊಂಡು ಕಣ್ಣು ಮುಚ್ಚಿದರು.

"ಏನ್ರೀ, ರೊಟ್ಟಿ ಆರಾಕತ್ತಾವು, ಬರ್ರಿ."

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಬಂದೆ, ತಡಿ."