ಕೊಪ್ಪದ ಆಲೆಮನೆಯಲ್ಲಿದ್ದ ಶಾಫ್ಟು

ಮದ್ದೂರಿನ ಶಿಂಷಾ ಸೇತುವೆಯಿಂದ ಕೂಗಳತೆ ದೂರದಲ್ಲಿ, ಹುಣಸೆಮರದ ಬುಡದಲ್ಲಿ ದೇವಯ್ಯನ ತಗಡಿನ ಶೆಡ್ಡು ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಬೋರ್ಡು ಓದಿಕೊಂಡು ಬರುವ ಗಿರಾಕಿಗಳೂ ಅವನಿಗಿರಲಿಲ್ಲ. ಪಂಪ್‌ಸೆಟ್ಟು, ಕಬ್ಬಿನ ಗಾಣದ ಇಂಜಿನ್ನು, ಟ್ರಾಕ್ಟರು, ಆಗೊಮ್ಮೆ ಈಗೊಮ್ಮೆ ಲಾರಿ ಅಲ್ಲಿಗೆ ಬರುತ್ತಿದ್ದವು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು, ಆಮೇಲೆ ರೋಗ ಹೇಳುವುದು ಅವನ ಕ್ರಮ. ನಲವತ್ತಾರು ವರ್ಷಕ್ಕೆ ಅವನ ಬಲಗಿವಿ ಎಡಗಿವಿಗಿಂತ ಕಪ್ಪಾಗಿತ್ತು.

ಹುಟ್ಟಿದ್ದು ಯಲಿಯೂರಿನಲ್ಲಿ. ಹುಡುಗನಾಗಿದ್ದಾಗ ಅಪ್ಪನ ಅರ್ಧ ಎಕರೆ ಗದ್ದೆಗೆ ನಾಲೆಯಿಂದ ನೀರು ತಿರುಗಿಸುವುದು ಅವನ ಕೆಲಸವಾಗಿತ್ತು. ಗದ್ದೆಗೆ ನೀರು ಬಿಡುವ ಮಡೆ ಮುಚ್ಚಿದ ಮೇಲೆ ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಸಮುದ್ರುಕ್ಕೆ ಓಯ್ತದೆ, ನೀನು ಎಮ್ಮೆ ನೋಡೋಗು" ಎಂದಿದ್ದ. ಆ ಮೇಲೆ ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ, ಮದ್ದೂರಿನ ಸ್ವಂತ ಶೆಡ್ಡಿನಲ್ಲಿ ಹದಿನೇಳು ವರ್ಷ. ಬೆಂಗಳೂರು, ಮೈಸೂರು ಬಿಟ್ಟರೆ ಅವನು ಬೇರೆ ಊರು ಕಂಡವನಲ್ಲ. ಸಮುದ್ರವನ್ನಂತೂ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ.

೧೯೭೫ರ ದಸರಾ ಕಳೆದ ವಾರ ಆ ಶೆಡ್ಡಿಗೆ ಒಂದು ಜೀಪು ಬಂತು. ಬಂತು ಎನ್ನುವುದಕ್ಕಿಂತ ತಂದರು ಎನ್ನಬೇಕು. ಮಳವಳ್ಳಿಯಿಂದ ಮದ್ದೂರಿನವರೆಗೆ ಅದನ್ನು ಒಂದು ಜೊತೆ ಎತ್ತು ಎಳೆದಿದ್ದವು. ಸ್ಟಿಯರಿಂಗ್ ಹಿಡಿದು ಕೂತಿದ್ದವರು ಮಂಡ್ಯದ ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಪಾರ್ಥಸಾರಥಿ ಮೇಷ್ಟ್ರು. ನಾಮ ಬೆವರಿಗೆ ಕರಗಿ ಮೂಗಿನವರೆಗೆ ಇಳಿದಿತ್ತು. ಮಳವಳ್ಳಿಯ ಕಂಟ್ರಾಕ್ಟರೊಬ್ಬರು ತೀರಿಕೊಂಡ ಮೇಲೆ ಅವರ ಹಿತ್ತಲಿನಲ್ಲಿ ಎಂಟು ವರ್ಷ ನಿಂತಿದ್ದ ಹಳೆಯ ಮಿಲಿಟರಿ ಜೀಪು ಅದು. ಹಿಂದಿನ ಸೀಟಿನಲ್ಲಿ ಕೋಳಿ ಕಾವು ಕೂತಿದ್ದವು.

ಮೇಷ್ಟ್ರ ಯೋಜನೆ ಸರಳವಾಗಿತ್ತು. ಬೇಸಿಗೆ ರಜೆಯಲ್ಲಿ ತಲಕಾವೇರಿಯಿಂದ ಹೊರಟು, ಆದಷ್ಟೂ ಹೊಳೆಯ ದಡ ಬಿಡದೆ, ಕಾವೇರಿ ಸಮುದ್ರ ಸೇರುವ ತನಕ ಜೀಪಿನಲ್ಲಿ ಹೋಗುವುದು. ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ ಆ ಹೊಳೆಯನ್ನು ಸೀಮೆಸುಣ್ಣದಲ್ಲಿ ಎಳೆದಿದ್ದರು. ಒಮ್ಮೆ ಚಕ್ರದಲ್ಲಿ ಎಳೆಯುವ ಆಸೆ. ಅವರ ಹೆಂಡತಿ ವೇದವತಿ ಒಂದೇ ಷರತ್ತು ಹಾಕಿದ್ದರು.

"ಯುಗಾದಿಯೊಳಗೆ ಇದು ಮುತ್ತತ್ತಿಗೆ ಹೋಗಿ, ಮರಳಿನಲ್ಲಿ ಓಡಾಡಿ, ಕಾಡಿನ ಏರು ಹತ್ತಿ ವಾಪಸು ಬರಬೇಕು. ಬಂದರೆ ಜೀಪು. ಇಲ್ಲದಿದ್ದರೆ ರೈಲು. ಗುರುತಿಲ್ಲದ ಊರಿನಲ್ಲಿ ಯಾರದೋ ಜಗಲಿ ಮೇಲೆ ಕೂತು ನಿಮ್ಮ ದಾರಿ ಕಾಯೋಕೆ ನನ್ನ ಕೈಲಾಗಲ್ಲ."

ಮೇಷ್ಟ್ರು ಅದಕ್ಕೆ ಇನ್ನೊಂದು ಮಾತು ಸೇರಿಸಿದರು. "ಜೀಪಾದರೆ ನೀನೂ ಬರಬೇಕು ದೇವಯ್ಯ. ನನಗೆ ನಕ್ಷೆ ಓದೋಕೆ ಬರುತ್ತೆ, ಇಂಜಿನ್ ಓದೋಕೆ ಬರಲ್ಲ."

"ಸಮುದ್ರುದ್ ಗಂಟ್ಲೂವಾ?" ಎಂದು ಕೇಳಿದ ದೇವಯ್ಯ, ಉತ್ತರಕ್ಕೆ ಕಾಯದೆ ಬಾನೆಟ್ಟು ಎತ್ತಿದ.

ಕೆಲಸ ಐದು ತಿಂಗಳು ಹಿಡಿಯಿತು. ಇಲಿ ತಿಂದ ವೈರೆಲ್ಲ ಕಿತ್ತು ಹೊಸದು ಎಳೆದ. ಕಾಲಡಿಯ ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಒಂದು ಡೀಸೆಲ್ ಡ್ರಮ್ಮನ್ನು ಸೀಳಿ, ಬಡಿದು ಮಟ್ಟ ಮಾಡಿ ಕೂರಿಸಿದ. ಪಿಸ್ಟನ್ನಿನ ರಿಂಗುಗಳನ್ನು ಮೇಷ್ಟ್ರು ಬೆಂಗಳೂರಿನಿಂದ ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ತಂದರು. ಸಂಕ್ರಾಂತಿಯ ಹಿಂದಿನ ದಿನ ಇಂಜಿನ್ನು ಮೊದಲ ಸಲ ಕೆಮ್ಮಿ, ಸೈಲೆನ್ಸರಿನಿಂದ ಒಂದು ಹಿಡಿ ಕೋಳಿಪುಕ್ಕ ಉಗುಳಿ, ಆಮೇಲೆ ಹದಕ್ಕೆ ಬಂತು.

ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರಿತ್ತು. ಕಂಟ್ರಾಕ್ಟರು ಅದಕ್ಕೆ ಕೊಡೆ ತೂಗುಹಾಕುತ್ತಿದ್ದರಂತೆ. ಅದನ್ನು ಮುಂದಕ್ಕೆ ತಳ್ಳಿದರೆ ನಾಲ್ಕೂ ಚಕ್ರಕ್ಕೆ ಬಲ ಬರಬೇಕು. ತಳ್ಳಿದರೂ ಮುಂದಿನ ಚಕ್ರಗಳು ಹೂಂ ಎನ್ನಲಿಲ್ಲ. ದೇವಯ್ಯ ಚಾಪೆ ಹಾಸಿ ಅಡಿಗೆ ತೂರಿದ. ಇಂಜಿನ್ನಿನ ಬಲವನ್ನು ಮುಂದಿನ ಚಕ್ರಗಳಿಗೆ ಒಯ್ಯುವ, ಎರಡು ಮೊಳದ ಕಬ್ಬಿಣದ ದಂಡ ಇರಬೇಕಾದ ಜಾಗ ಖಾಲಿಯಿತ್ತು. ಹೊರಗೆ ಬಂದು ಬೀಡಿ ಹಚ್ಚಿದ.

"ಏನಾಗಿದೆ?" ಎಂದರು ಮೇಷ್ಟ್ರು.

"ಮುಂದ್ಲ ಶಾಫ್ಟಿಲ್ಲ. ಪೆಟ್ರೋಲು ಉಳೀತದೆ ಅಂತ ಯಾವನೋ ಬಿಚ್ಚವ್ನೆ."

"ಯಾರು?"

"ಎಲ್ಲಾರೂ ಬಿಚ್ತಿದ್ರು ಬುಡಿ ಆಗ."

ಅದು ಸುಳ್ಳಲ್ಲ. ಆ ಕಾಲದಲ್ಲಿ ಜೀಪಿನ ಮಾಲೀಕರು, ಟಾರು ರಸ್ತೆಗೆ ನಾಲ್ಕು ಚಕ್ರದ ಬಲ ಯಾಕೆ ಎಂದು ಮುಂದಿನ ಶಾಫ್ಟನ್ನು ತೆಗೆಸಿಬಿಡುತ್ತಿದ್ದರು. ಪೂರ್ತಿ ನಿಜವೂ ಅಲ್ಲ. ಹತ್ತು ವರ್ಷದ ಹಿಂದೆ ಮಳವಳ್ಳಿಯ ಆ ಕಂಟ್ರಾಕ್ಟರು ಈ ಜೀಪು ತೆಗೆದುಕೊಂಡು ಇದೇ ಶೆಡ್ಡಿಗೆ ಬಂದಿದ್ದರು. ಬಿಚ್ಚಿದ ಕೈ ದೇವಯ್ಯನದೇ. ಆ ಶಾಫ್ಟು ಎಲ್ಲಿಗೆ ಹೋಯಿತೆಂಬುದೂ ಅವನಿಗೆ ಗೊತ್ತಿತ್ತು.

ಮರುದಿನ ಕೊಪ್ಪದ ಬಸ್ಸು ಹತ್ತಿದ. ದೊಡ್ಡಸಿದ್ದಯ್ಯನ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಗಾಣದ ಹತ್ತಿರ, ಡೀಸೆಲ್ ಇಂಜಿನ್ನಿಗೂ ಗಾಣಕ್ಕೂ ನಡುವೆ, ಬೆಲ್ಲದ ಮಸಿಯಲ್ಲಿ ಅದ್ದಿ ತೆಗೆದಂತಿದ್ದ ಒಂದು ದಂಡ ತಿರುಗುತ್ತಿತ್ತು. ಮಳೆಗಾಲದಲ್ಲಿ ಬೆಲ್ಟು ಒದ್ದೆಯಾಗಿ ಜಾರುತ್ತದೆ ಎಂದು ದೊಡ್ಡಸಿದ್ದಯ್ಯ ಗೋಳಾಡಿದಾಗ, ಬೆಲ್ಟು ಕಿತ್ತು ಜೀಪಿನ ಶಾಫ್ಟು ಕೂರಿಸಿಕೊಟ್ಟ ಬುದ್ಧಿವಂತಿಕೆ ದೇವಯ್ಯನದು. ಆ ಉಪಾಯವನ್ನು ಸುತ್ತಿನ ನಾಲ್ಕು ಊರಿನವರು ಬಂದು ನೋಡಿಹೋಗಿದ್ದರು.

"ಅದ್ನ ವಾಪಸ್ ಓಯ್ತೀನಿ ಕಣಣ್ಣ," ಎಂದ ದೇವಯ್ಯ.

ದೊಡ್ಡಸಿದ್ದಯ್ಯ ಪಾಕ ಕದಡುವುದನ್ನು ನಿಲ್ಲಿಸಲಿಲ್ಲ. "ನನ್ ಎಡ್ತಿನೂ ಕರ್ಕೊಂಡೋಗು. ಅವ್ಳೂ ಬ್ಯಾಡ ಅನ್ನಾಕಿಲ್ಲ."

"ತಮಾಸಿ ಅಲ್ಲ. ಜೀಪು ಬಂದದೆ."

"ನೀನೇ ತಂದಾಕಿ, ಇದು ನಿನ್ ಮೊಮ್ಮಗನ್ ಕಾಲ್ದ್ ಗಂಟ್ಲೂ ತಿರುಗ್ತದೆ ಅಂದಿದ್ದಲ್ಲಲಾ. ಮೊಮ್ಮಗ ಇನ್ನೂ ಉಟ್ಟೇ ಇಲ್ಲ."

"ಈಗ ಬ್ಯಾಸ್ಗೆ. ಬೆಲ್ಟು ಜಾರಾಕಿಲ್ಲ. ಎರಡ್ ದಿವ್ಸದಲ್ಲಿ ಬೆಲ್ಟು ಕೂರಿಸ್ಕೊಡ್ತೀನಿ. ಮಳೆ ಬೀಳೋದ್ರೊಳಗೆ ಬ್ಯಾರೆ ಶಾಫ್ಟು ತಂದಾಕ್ತೀನಿ."

"ಯಾಕ್ಲಾ ಇಷ್ಟು ಅವಸ್ರ?"

ದೇವಯ್ಯ ಕೊಪ್ಪರಿಗೆಯ ನೊರೆ ನೋಡುತ್ತಾ, "ಸಮುದ್ರ ನೋಡ್ಬೇಕಾಗದೆ," ಎಂದ.

ದೊಡ್ಡಸಿದ್ದಯ್ಯ ಅವನನ್ನು ಒಂದು ಗಳಿಗೆ ದಿಟ್ಟಿಸಿದ. "ಓಗು, ತಕೋ. ಆದ್ರೆ ಮಳೆ ಬಂದ್ ದಿನ ಶಾಫ್ಟಿಲ್ದಿದ್ರೆ ನಿನ್ನೇ ಗಾಣುಕ್ಕೆ ಕಟ್ತೀನಿ."

ಶೆಡ್ಡಿಗೆ ತಂದ ಶಾಫ್ಟನ್ನು ದೇವಯ್ಯ ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದ. ಇಪ್ಪತ್ತೆಂಟು ವರ್ಷದಲ್ಲಿ ಅವನು ಸೀಮೆಎಣ್ಣೆಯಲ್ಲಿ ತೊಳೆಯದ ಕಬ್ಬಿಣವಿರಲಿಲ್ಲ. ಶಾಫ್ಟಿನ ಎರಡು ತುಂಡು ಹಲ್ಲಿಗೆ ಹಲ್ಲು ಕೂಡಿ ಒಂದರೊಳಗೊಂದು ಕೂರುತ್ತವೆ. ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿರಬೇಕು. ಸರಿಯಾಗಿ ಕೂಡಿಸಲೆಂದು ಎರಡು ತುಂಡಿನ ಮೇಲೂ ಒಂದೊಂದು ಬಾಣದ ಗುರುತು ಒತ್ತಿರುತ್ತಾರೆ. ದೇವಯ್ಯ ಹುಡುಕಿದ, ಬಾಣ ಕಾಣಲಿಲ್ಲ. ಸವೆದುಹೋಗಿದೆ ಎಂದುಕೊಂಡು ಕಣ್ಣಳತೆಯಲ್ಲಿ ಕೂಡಿಸಿದ. ಅವನ ಕಣ್ಣಳತೆಯ ಬಗ್ಗೆ ಮದ್ದೂರಿನಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವನಿಗಂತೂ ಮೊದಲೇ ಇಲ್ಲ.

ಯುಗಾದಿಗೆ ಹತ್ತು ದಿನವಿರುವಾಗ ಮೇಷ್ಟ್ರೂ ಅವನೂ ಮಳವಳ್ಳಿ ರಸ್ತೆಗೆ ಜೀಪು ತಿರುಗಿಸಿದರು. ಇಪ್ಪತ್ತು ಮೈಲಿ ವೇಗದವರೆಗೆ ಗಾಡಿ ಹಸುವಿನಂತೆ ಹೋಯಿತು. ಮೂವತ್ತಕ್ಕೆ ಬಂದ ಕೂಡಲೇ ನೆಲದ ತಗಡು ತಮಟೆಯಾಯಿತು. ಮೇಷ್ಟ್ರ ಕನ್ನಡಕ ಮೂಗಿನಿಂದ ಹಾರಿ ಮಡಿಲಿಗೆ ಬಿತ್ತು. ನಿಧಾನ ಮಾಡಿದರೆ ಅದುರಾಟ ನಿಂತಿತು. ಮತ್ತೆ ಮೂವತ್ತು, ಮತ್ತೆ ತಮಟೆ. ಮಳವಳ್ಳಿ ಮುಟ್ಟದೆ ವಾಪಸಾದರು.

"ಇಪ್ಪತ್ತರಲ್ಲೇ ಹೋದರಾಯಿತಪ್ಪ," ಎಂದರು ಮೇಷ್ಟ್ರು.

"ಇಂಗೆ ಅದುರುದ್ರೆ ನೂರು ಮೈಲಿಗೆ ಕೀಲು ಮುರೀತದೆ. ಕಾಡೊಳಗೆ ಅಮ್ಮಾವ್ರನ್ನ ಕೂರಿಸ್ಕೊಂಡು ನಾನು ಓಗಾಕಿಲ್ಲ ಬುಡಿ."

ದೇವಯ್ಯ ಚಕ್ರ ಬಿಚ್ಚಿ ನೋಡಿದ, ಬೇರಿಂಗು ಬದಲಾಯಿಸಿದ, ಇಂಜಿನ್ನಿನ ಕೆಳಗಿನ ರಬ್ಬರು ಹೊಸದು ಹಾಕಿದ. ಸ್ಕ್ರೂಡ್ರೈವರು ಕಿವಿಗೆ ಒತ್ತಿ ನಿಂತ. ನಿಂತ ಗಾಡಿಯಲ್ಲಿ ಸದ್ದೇ ಇಲ್ಲ; ಓಡುವ ಗಾಡಿಗೆ ಕಿವಿ ಕೊಡುವುದು ಹೇಗೆ? ನಾಲ್ಕು ಸಲ ರಸ್ತೆಗೆ ಹೋದ, ನಾಲ್ಕು ಸಲವೂ ಮೂವತ್ತಕ್ಕೆ ತಮಟೆ. ಐದನೆಯ ದಿನ ಮೇಷ್ಟ್ರು ಬಂದು, ತಿರುಚಿನಾಪಳ್ಳಿಯ ರೈಲಿನ ವೇಳೆ ವಿಚಾರಿಸಿದೆ ಎಂದು ಬೇರೆ ಕಡೆ ನೋಡಿಕೊಂಡು ಹೇಳಿದರು. ರೈಲಿಗೆ ಮೆಕ್ಯಾನಿಕ್ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ದೇವಯ್ಯ ಶಾಫ್ಟನ್ನು ಮತ್ತೆ ಬಿಚ್ಚಿ ಕಲ್ಲಿನ ಮೇಲಿಟ್ಟು ಮುಖ ತೊಳೆಯಲು ಹೋದ. ತಿರುಗಿ ಬಂದಾಗ, ಬುತ್ತಿ ತಂದ ಹೆಂಡತಿ ರೇವಮ್ಮ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇದ್ಕೆ ಇರುವೆ ಯಾಕೆ ಮುತ್ತವೆ?" ಎಂದಳು.

ಹುಣಸೆಮರದಿಂದ ಇಳಿದ ಇರುವೆಸಾಲು ಶಾಫ್ಟಿನ ನಡುಭಾಗದಲ್ಲಿ ಕಪ್ಪಗೆ ಗುಂಪಾಗಿತ್ತು.

"ಆಲೆಮನೇಲಿತ್ತಲ್ಲ. ಬೆಲ್ಲದ ವಾಸ್ನೆ."

"ತೊಳೀಲಿಲ್ವಾ?"

"ಎರಡ್ ಸಲ ತೊಳ್ದಿವ್ನಿ ಕಣಮ್ಮಿ, ಸೀಮೆಎಣ್ಣೇಲಿ."

ರೇವಮ್ಮ ತಲೆ ಎತ್ತಿದಳು. "ಬೆಲ್ಲ ಸೀಮೆಎಣ್ಣೆಗೆ ಕರಗ್ತದಾ? ನಮ್ಮನೇಲಿ ಒಂದಿನ ಪಾಕದ್ ಪಾತ್ರೆ ತೊಳ್ದಿದ್ರೆ ಗೊತ್ತಾಯ್ತಿತ್ತು ನಿಂಗೆ."

ಅವಳು ಪಕ್ಕದ ಹೋಟೆಲಿನಿಂದ ಒಂದು ಬಕೀಟು ಕುದಿನೀರು ತಂದು ಸುರಿದಳು. ಕಬ್ಬಿಣದ ಬಣ್ಣವೇ ಎಂದುಕೊಂಡಿದ್ದ ಕಪ್ಪು ಪದರ ಮೆತ್ತಗಾಗಿ, ಜಾರಿ, ಕಂದು ನೀರಾಗಿ ಹರಿಯಿತು. ಹತ್ತು ವರ್ಷದ ಬೆಲ್ಲ. ತೆಂಗಿನ ನಾರಿನಲ್ಲಿ ಎರಡು ಸಲ ಉಜ್ಜಿದ ಮೇಲೆ ಒಂದು ಬಾಣ ಕಂಡಿತು. ಇನ್ನೊಂದು ತುಂಡಿನ ಮೇಲೆ ಇನ್ನೊಂದು. ಎರಡೂ ಎದುರುಬದುರಾಗಿರಲಿಲ್ಲ. ಸರಿಯಾಗಿ ಒಂದು ಹಲ್ಲು ತಪ್ಪಿತ್ತು. ನಿಧಾನಕ್ಕೆ ತಿರುಗುವ ಗಾಣವಾದರೆ ಅದನ್ನು ಸಹಿಸೀತು. ಓಡುವ ಜೀಪು ಸಹಿಸದು.

"ಇಷ್ಟೇಯಾ?" ಎಂದಳು ರೇವಮ್ಮ.

"ಇಷ್ಟೇ."

"ಬುತ್ತಿ ಉಣ್ಣು, ಆರೋಯ್ತದೆ."

ಯುಗಾದಿಗೆ ಎರಡು ದಿನವಿರುವಾಗ ಮೇಷ್ಟ್ರು, ವೇದವತಿ, ದೇವಯ್ಯ ಮೂವರೂ ಹೊರಟರು. ಮಳವಳ್ಳಿ ರಸ್ತೆಯಲ್ಲಿ ಮುಳ್ಳು ಮೂವತ್ತಕ್ಕೆ ಬಂತು, ಮೂವತ್ತೈದು, ನಲವತ್ತು. ಮೇಷ್ಟ್ರು ಕನ್ನಡಕಕ್ಕೆ ಕೈ ಒತ್ತಿಕೊಂಡೇ ಇದ್ದರು. ಆಮೇಲೆ ಮೆಲ್ಲಗೆ ತೆಗೆದರು. ಮಳವಳ್ಳಿಯಲ್ಲಿ ಎಳನೀರು ಕುಡಿದು, ಹಲಗೂರು ದಾಟಿ, ಕಾಡಿನ ಇಳಿಜಾರಿನಲ್ಲಿ ಮುತ್ತತ್ತಿಗೆ ಇಳಿದರು. ಬೇಸಿಗೆಯ ಕಾವೇರಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ದೇವಯ್ಯ ಬೇಕೆಂದೇ ಜೀಪನ್ನು ಮರಳಿಗೆ ನುಗ್ಗಿಸಿದ. ಹಿಂದಿನ ಚಕ್ರಗಳು ಗುಂಡಿ ತೋಡಿಕೊಂಡು ಹೂತವು.

"ಜಗಲಿ ಇಲ್ಲೇ ಎಲ್ಲಾದರೂ ಇದೆಯೋ ನೋಡಲಾ?" ಎಂದರು ವೇದವತಿ.

"ಕೂತ್ಕಳಿ ಅಮ್ಮಾವ್ರೇ," ಎಂದು ದೇವಯ್ಯ ಗಿಡ್ಡ ಲಿವರನ್ನು ಮುಂದಕ್ಕೆ ತಳ್ಳಿದ. ಮುಂದಿನ ಚಕ್ರಗಳು ಒಮ್ಮೆ ಮರಳು ಕೆದರಿ, ಕಚ್ಚಿ, ಜೀಪನ್ನು ಗುಂಡಿಯಿಂದ ಎತ್ತಿಕೊಂಡು ಹೊರಟವು. ಅದೇ ಲಿವರಿನ ಬಲದಲ್ಲಿ ಕಾಡಿನ ಏರನ್ನು ಎಲ್ಲೂ ನಿಲ್ಲದೆ ಹತ್ತಿದರು.

ಏರಿನ ತಲೆಯಲ್ಲಿ ಇಂಜಿನ್ನು ಆರಲೆಂದು ನಿಲ್ಲಿಸಿದಾಗ ದೇವಯ್ಯ, ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಹೇಳಿದ. "ಒಂದ್ ಮಾತು ಮೇಷ್ಟ್ರೇ. ಇದ್ರ ಶಾಫ್ಟು ಬಿಚ್ಚಿದ್ದೋನು ನಾನೇ."

"ಗೊತ್ತು," ಎಂದರು ಮೇಷ್ಟ್ರು. "ಕೊಪ್ಪದ ದೊಡ್ಡಸಿದ್ದಯ್ಯನ ಮಗ ನನ್ನ ಕ್ಲಾಸಿನಲ್ಲಿದ್ದಾನೆ."

ವೇದವತಿ ಸೆರಗಿನಿಂದ ಮುಖ ಒರೆಸಿಕೊಂಡರು. "ಅಲ್ಲಿ ಬಿಸಿಲು ಜಾಸ್ತಿಯಂತೆ ದೇವಯ್ಯ. ಎರಡು ತೆಳು ಅಂಗಿ ಇಟ್ಟುಕೋ."

ಬೇಸಿಗೆ ರಜೆಯಲ್ಲಿ ಹದಿನಾರು ದಿನ ನಡೆದ ಪ್ರಯಾಣದಲ್ಲಿ ಜೀಪು ಎರಡು ಸಲ ಪಂಕ್ಚರಾಯಿತು, ಒಮ್ಮೆ ಫ್ಯಾನ್ ಬೆಲ್ಟು ಹರಿಯಿತು. ಯಾರೂ ಯಾರ ಜಗಲಿಯ ಮೇಲೂ ಕೂರಲಿಲ್ಲ. ಜೂನಿನ ಮೊದಲ ಮೋಡ ಕಂಡ ವಾರ ದೇವಯ್ಯ ಇನ್ನೊಂದು ಶಾಫ್ಟು ಹೊತ್ತುಕೊಂಡು ಕೊಪ್ಪಕ್ಕೆ ಹೋದ. ಈ ಸಲ ಎರಡು ತುಂಡಿನ ಮೇಲೂ ಉಳಿಯಿಂದ ಗುರುತು ಕೊರೆದಿದ್ದ, ಎಷ್ಟು ಬೆಲ್ಲ ಮೆತ್ತಿದರೂ ಬೆರಳಿಗೆ ಸಿಗುವಷ್ಟು ಆಳಕ್ಕೆ.

"ನೋಡ್ದೇನ್ಲಾ ಸಮುದ್ರವ?" ಎಂದ ದೊಡ್ಡಸಿದ್ದಯ್ಯ.

"ನೋಡ್ದೆ."

"ಎಂಗದೆ?"

ದೇವಯ್ಯ ಇನ್ನೊಂದು ಬೋಲ್ಟು ಬಿಗಿದ. "ಸಮುದ್ರ ದೊಡ್ದಾಗೇ ಅದೆ. ನಮ್ ಹೊಳೆ ಅಲ್ಲಿಗೋಗೋ ಹೊತ್ಗೆ ಏನೂ ಉಳಿದಿರಾಕಿಲ್ಲ ಕಣಣ್ಣ. ಯಲಿಯೂರ್ ನಾಲೇನೇ ಅದ್ಕಿಂತ ಅಗಲ."

"ಮಿಕ್ಕಿದ್ ನೀರೆಲ್ಲಾ?"

"ದಾರೀಲೆಲ್ಲಾ ಗದ್ದೆ," ಎಂದ ದೇವಯ್ಯ. "ಎಲ್ಲಾ ಕಡೇನೂ ನಮ್ಮಂಗೇ ಮಡೆ ತಿರುಗಿಸ್ತಾ ನಿಂತವ್ರೆ." ಆಮೇಲೆ ಇಂಜಿನ್ನು ಹಚ್ಚಲು ಹೇಳಿ, ಸ್ಕ್ರೂಡ್ರೈವರಿನ ಹಿಡಿಯನ್ನು ಬಲಗಿವಿಗೆ ಒತ್ತಿಕೊಂಡ.