ಮಲ್ಲಿಗೆ ಬುಡಕ್ಕೆ ಚಹಾಪುಡಿ

ಕಾಂತಪ್ಪ ಡೆಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕಚೇರಿಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವನು. ಮಾತು ಕಡಿಮೆ. ಮದುವೆಯ ಹೊಸದರಲ್ಲಿ ಮಾತ್ರ ಒಮ್ಮೆ ನಾಲಗೆ ಸಡಿಲಾಗಿ, "ಡೆಲ್ಲಿಯಲ್ಲಿಯೂ ನಿನಗೆ ಊರಿನ ಮಲ್ಲಿಗೆ ಮುಡಿಸ್ತೇನೆ" ಎಂದು ಹೆಂಡತಿ ವಸಂತಿಗೆ ಹೇಳಿಬಿಟ್ಟಿದ್ದ. ವಸಂತಿ ಅದನ್ನು ಉಪ್ಪಿನಕಾಯಿಯಂತೆ ಜೋಪಾನ ಮಾಡಿ, ಬೇಕಾದಾಗಲೆಲ್ಲ ಬಡಿಸುತ್ತಿದ್ದಳು.

ಊರ ಕಡೆಯ ಶಂಕರಪುರದಿಂದ ರೈಲಿನಲ್ಲಿ ತಂದ ಗಿಡಗಳು ಎರಡು ಬೇಸಿಗೆಯೂ 'ಲೂ' ಎಂಬ ಬಿಸಿಗಾಳಿಗೆ ಸುಟ್ಟುಹೋದವು. ಎಪ್ಪತ್ನಾಲ್ಕನೇ ಇಸವಿಯಲ್ಲಿ ಮತ್ತೆ ತಂದಾಗ ವಸಂತಿ, "ಇವೂ ಸತ್ತರೆ ಇನ್ನು ಮಲ್ಲಿಗೆಯ ಹೆಸರೆತ್ತಬೇಡಿ" ಎಂದಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ನಲ್ಲಿಯಲ್ಲಿ ನೀರು ಬರುವುದೇ ಅಪರೂಪ. ಇದ್ದ ತೇವ ಆರದಂತೆ ಮಣ್ಣಿಗೆ ಹೊದಿಕೆ ಬೇಕು. ಕಬ್ಬಿನ ಹಾಲಿನ ಗಾಡಿಯಿಂದ ಸಿಪ್ಪೆ ತಂದು ಹರಡಿದ. ಬೀದಿಯ ಹಸು ಬಂದು ಸಿಪ್ಪೆ ತಿಂದು, ಸಾಲದ್ದಕ್ಕೆ ಒಂದು ಗಿಡವನ್ನೂ ಮುಗಿಸಿತು. ಬೇವಿನ ತರಗೆಲೆ ಹಾಕಿದ; ಗುಡಿಸುವಾಕೆ ಬೆಳಗಾಗುವಷ್ಟರಲ್ಲಿ ಅಂಗಳ ಚೊಕ್ಕ ಮಾಡಿ, "ಭಯ್ಯಾ, ಕಿತ್ನಾ ಕಚರಾ!" ಎಂದು ಕಸ ಹಾಕಿದ್ದಕ್ಕೆ ಅವನನ್ನೇ ಗದರಿದಳು. ಕ್ಯಾಂಟೀನಿನ ತೆಂಗಿನ ನಾರು ಹಾಸಿದ. ಸುತ್ತಲಿನ ಮನೆಗಳ ಪಾತ್ರೆಗಳೆಲ್ಲ ಫಳಫಳ ಹೊಳೆದವು, ನಾರು ಮಾಯ.

ಕೊನೆಗೆ ಕಣ್ಣಿಗೆ ಬಿದ್ದದ್ದು ಕ್ಯಾಂಟೀನಿನಲ್ಲಿ ಸೋಸಿ ಎಸೆಯುತ್ತಿದ್ದ ಚಹಾಪುಡಿ. ಹಾಲು ಸಕ್ಕರೆಗೆ ಇರುವೆ ಮುತ್ತದಂತೆ ಚೆನ್ನಾಗಿ ತೊಳೆದು, ಗೋಣಿಯ ಮೇಲೆ ಬಿಸಿಲಿಗೆ ಒಣಗಿಸಿ, ಕಾಂಡಕ್ಕೆ ತಾಗದಂತೆ ಬೆರಳಗಲ ಬಿಟ್ಟು ಹರಡಿದ. ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಕಡ್ಡಿಯಿಂದ ಕೆದಕುತ್ತಿದ್ದ. ಗಿಡ ಚಿಗುರಿತು.

ಮೇಲಿನ ಮನೆಯ ಸೂದ್ ಬಾಬು ಅದೇ ಕಚೇರಿಯ ಗುಮಾಸ್ತ. ಕ್ಯಾಂಟೀನಿನ ಅಡುಗೆಯವನು ಮನೆ ಮುಂದೆ ಹಳೇ ಚಹಾಪುಡಿ ಒಣಗಿಸುವುದನ್ನು ಬಾಲ್ಕನಿಯಿಂದ ನೋಡಿದ. ಇನ್ನೇನು ಬೇಕು? ಮರುದಿನವೇ ಕಚೇರಿಯಲ್ಲಿ ಗುಸುಗುಸು: ಕಾಂತಪ್ಪ ಒಂದೇ ಪುಡಿಯನ್ನು ಮತ್ತೆ ಮತ್ತೆ ಕುದಿಸಿ ಕುಡಿಸುತ್ತಾನೆ! ಚಹಾ ಕುಡಿಯುವವರೇ ಇಲ್ಲವಾದರು. ವಾರ ಕಳೆದ ಮೇಲೆ ಕ್ಯಾಂಟೀನ್ ಸಮಿತಿಯ ಅನಂತರಾಮ ರಾಯರು, ಮೈಸೂರಿನ ಕಡೆಯವರು, ಖುದ್ದು ಮನೆಗೆ ಬಂದರು.

"ಏನ್ರೀ ಕಾಂತಪ್ಪ ಇದು? ನೀವೂ ಹೀಗೆ ಮಾಡೋದಾ?"

ಕಾಂತಪ್ಪ ಅವರನ್ನು ಮಲ್ಲಿಗೆ ಪಾತಿಯ ಬಳಿ ಕರೆದೊಯ್ದ. ರಾಯರು ಉರಿಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಪುಡಿ ಸರಿಸಿ, ಮಣ್ಣಿಗೆ ಬೆರಳು ಚುಚ್ಚಿದರು.

"ಅಯ್ಯೋ, ಒದ್ದೆ ಇದೆಯಲ್ರೀ! ಮೊದಲೇ ಹೇಳಬಾರದಿತ್ತಾ?"

"ಯಾರೂ ಕೇಳ್ಲಿಲ್ಲ ಸಾರ್." ಅವನು ಪಾತಿಯ ಮೂಲೆಯತ್ತ ಕೈ ತೋರಿಸಿದ. "ನನ್ನ ಹೆಸರು ಹಾಳಾದ್ರೆ ಆಗ್ಲಿ. ನೀವೆಲ್ಲ ಚಾ ಬಿಟ್ಟು ಪುಡಿಯೇ ಇಲ್ಲ. ಆ ಮೂಲೆಯ ಗಿಡ ಬಾಡ್ತಾ ಉಂಟು. ನಾಳೆಯಿಂದ ಚಾ ಕುಡೀರಿ ಮಾರಾಯ್ರೆ!"

ರಾಯರು ನಕ್ಕು ನಕ್ಕು ನೆಲಕ್ಕೇ ಕುಸಿದು ಕೂತರು. ಮರುದಿನ ಇಡೀ ಕಚೇರಿ ಚಹಾ ಕುಡಿಯಿತು. ಸೂದ್ ಬಾಬು ನಾಚಿಕೆಗೆ ಎರಡೆರಡು ಲೋಟ ಇಳಿಸಿದ.

ಜೂನ್ ಕೊನೆಗೆ ಒಂದು ಹಿಡಿ ಹೂ ಸಿಕ್ಕಿತು. ವಸಂತಿ ಕಟ್ಟಿದಳು, ಮೂಸಿದಳು.

"ಚಾದ ವಾಸನೆ ಬರ್ತದೆ."

ಕಾಂತಪ್ಪ ಗಾಬರಿಯಾಗಿ ತಾನೂ ಮೂಸಿದ. "ಇಲ್ಲ ಮಾರಾಯ್ತಿ, ಅಷ್ಟು ತೊಳೆದಿದ್ದೇನೆ!"

ವಸಂತಿ ಕಣ್ಣೊರೆಸಿಕೊಂಡು, ಅವನಿಗೆ ಬೆನ್ನು ಹಾಕಿ ನಿಂತಳು.

"ಮಾತು ಸಾಕು. ಮುಡಿಸಿ."